ಬೋಬೊ ಬ್ರೆಜಿಲ್ ಎಂಬ ಪೈಲ್ವಾನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಟ್ರಂಪ್ ಕಾರ್ಡು. 2003-04ನೇ ಸಾಲಿನಲ್ಲಿ ಹತ್ತನೇ ತರಗತಿಯಲ್ಲಿದ್ದ ನಮ್ಮ ಬ್ಯಾಚಿನವರಿಗೆ ಅದನ್ನು ವಿವರಿಸಬೇಕಿಲ್ಲ. ಅಮೆರಿಕದ ಕುಸ್ತಿಪಟುಗಳ ಚಿತ್ರ, ಎತ್ತರ, ತೂಕ ಅಚ್ಚಾಗಿದ್ದ ಆ ಕಾರ್ಡುಗಳನ್ನು ಕೊನೆಯ ಬೆಂಚಿನಲ್ಲಿ ಆಡುತ್ತಿದ್ದಾಗ ಒಂದು ದಿನ ಪಿ.ಟಿ. ಸರ್ ಕೈಗೆ ಸಿಕ್ಕಿಬಿದ್ದೆವು. ಅವರು ಹೊಡೆಯಲಿಲ್ಲ. ಆ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಅದೆಲ್ಲ ನಾಟಕ, ನಮ್ಮೂರ ಜಾತ್ರೆಯ ಕುಸ್ತಿಯೇ ನಿಜವಾದದ್ದು ಎಂದಷ್ಟೇ ಹೇಳಿ ಕಾರ್ಡುಗಳನ್ನು ಜೇಬಿಗೆ ಹಾಕಿಕೊಂಡರು. ನನಗೆ ಏಟು ತಿಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಅಂದಿನಿಂದ ಟಿ.ವಿ.ಯಲ್ಲಿ ಆ ಕುಸ್ತಿ ನೋಡುವುದನ್ನೇ ಬಿಟ್ಟೆ.

ಮುಂದೆ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. 2018ರಲ್ಲಿ ಕೆಲವು ತಿಂಗಳು ಕಂಪನಿಯ ಕೆಲಸದ ಮೇಲೆ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿದ್ದೆ. ಅಲ್ಲಿ ಕಪ್ಪು ಜನಾಂಗದ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ತಮ್ಮ ಬಾಲ್ಯದ ಮಾತು ತೆಗೆದು ಬೋಬೊ ಬ್ರೆಜಿಲ್ ಎಂಬ ಪೈಲ್ವಾನರ ಹೆಸರು ಹೇಳಿದರು. ತಂದೆಯ ಹೆಗಲ ಮೇಲೆ ಕುಳಿತು ಅವರನ್ನು ನೋಡಿದ್ದರಂತೆ. ಹೇಳುವಾಗ ಅವರ ಕಣ್ಣು ತುಂಬಿದ್ದವು. ನಾಟಕದ ಕುಸ್ತಿಗೆ ಇಷ್ಟು ವರ್ಷದ ಮೇಲೂ ಕಣ್ಣೀರು ಏಕೆ ಎಂದು ನಾನು ಹುಡುಕಿ ಓದತೊಡಗಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಬೋಬೊ ಅವರ ನಿಜನಾಮ ಹ್ಯೂಸ್ಟನ್ ಹ್ಯಾರಿಸ್. 1924ರ ಜುಲೈ 10ರಂದು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಹಣ್ಣಿನ ತೋಟದಲ್ಲಿ ದಿನಕ್ಕೆ 50 ಸೆಂಟ್ ಕೂಲಿಗೆ ದುಡಿದರು. ಕೊನೆಗೆ ನೆಲೆ ನಿಂತದ್ದು ಮಿಶಿಗನ್ ಸರೋವರದ ದಡದಲ್ಲಿರುವ ಬೆಂಟನ್ ಹಾರ್ಬರ್ ಎಂಬ ಊರಿನಲ್ಲಿ. ಬೇಸ್‌ಬಾಲ್ ಚೆನ್ನಾಗಿ ಆಡುತ್ತಿದ್ದರು. ಆದರೆ ಜೋ ಸವೋಲ್ಡಿ ಎಂಬ ಕುಸ್ತಿಪಟುವಿನ ಕಣ್ಣಿಗೆ ಬಿದ್ದು ಕುಸ್ತಿ ಕಲಿತರು. ಆರೂವರೆ ಅಡಿ ಎತ್ತರ, 120 ಕಿಲೋ ತೂಕದ ಆಳು. ಸವೋಲ್ಡಿ ಅವರಿಗೆ ದಕ್ಷಿಣ ಅಮೆರಿಕದ ದೈತ್ಯನೆಂಬ ವೇಷ ಕೊಟ್ಟು ಬೂಬೂ ಬ್ರೆಜಿಲ್ ಎಂದು ಹೆಸರಿಟ್ಟರು. ಒಂದು ಜಾಹೀರಾತಿನಲ್ಲಿ ಅಚ್ಚಿನ ತಪ್ಪಿನಿಂದ ಅದು ಬೋಬೊ ಆಯಿತು. ಅದೇ ಕೊನೆಯವರೆಗೂ ಉಳಿಯಿತು.

ಆ ಕಾಲದ ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಕುಸ್ತಿ ಕಂಪನಿ ಇರಲಿಲ್ಲ. ನಮ್ಮ ಕಡೆ ನಾಟಕ ಕಂಪನಿಗಳು ಊರೂರಿಗೆ ಕ್ಯಾಂಪ್ ಹಾಕುತ್ತಿದ್ದಂತೆ ಒಂದೊಂದು ಪ್ರಾಂತ್ಯಕ್ಕೆ ಒಬ್ಬೊಬ್ಬ ಮಾಲೀಕ. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದ. 1948ರಲ್ಲಿ ಹುಟ್ಟಿದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಈ ಮಾಲೀಕರ ಕೂಟ. ವಿಶ್ವ ಚಾಂಪಿಯನ್ ಯಾರಾಗಬೇಕೆಂದು ತೀರ್ಮಾನಿಸುತ್ತಿದ್ದವರೂ ಅವರೇ. ಕುಸ್ತಿಪಟು ಒಂದು ಪ್ರಾಂತ್ಯದಲ್ಲಿ ಕೆಲವು ತಿಂಗಳು ಆಡಿ, ಜನರಿಗೆ ಸಾಕೆನಿಸುವ ಮೊದಲೇ ಕಾರಿನಲ್ಲಿ ಇನ್ನೊಂದಕ್ಕೆ ಹೋಗಬೇಕು. ಸಂಪಾದನೆ ಎಷ್ಟೆಂಬುದು ಎಷ್ಟು ಟಿಕೆಟ್ ಮಾರಾಟವಾಯಿತು ಎಂಬುದರ ಮೇಲೆ ನಿಂತಿತ್ತು.

ಕಪ್ಪು ಜನಾಂಗದವರಿಗೆ ಈ ದಾರಿ ಇನ್ನೂ ಕಷ್ಟದ್ದು. ದಕ್ಷಿಣದ ರಾಜ್ಯಗಳಲ್ಲಿ ಅವರಿಗೆ ಹೋಟೆಲು ಬೇರೆ, ಬಸ್ಸಿನ ಸೀಟು ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಇದನ್ನು ನಮ್ಮ ಊರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋಬೊ ಅವರಿಗೂ ಮೊದಮೊದಲು ಅನೇಕ ಮಾಲೀಕರು ಕಪ್ಪು ಕುಸ್ತಿಪಟುಗಳನ್ನೇ ಜೋಡಿ ಹಾಕುತ್ತಿದ್ದರು. ಆದರೆ ಅವರ ಡಿಚ್ಚಿ ನೋಡಲು ಜನ ಮುಗಿಬೀಳುತ್ತಿದ್ದರು. ಕೊಕೊ ಬಟ್ ಎಂದು ಅದಕ್ಕೊಂದು ಹೆಸರೂ ಇತ್ತು. ಯಾವ ಬಣ್ಣದ ಖಳನಾದರೂ ಸರಿ, ಬೋಬೊ ಎದುರು ನಿಲ್ಲಿಸಿ ಎಂದು ಪ್ರೇಕ್ಷಕರೇ ಕೇಳತೊಡಗಿದರು. ಕಿಲ್ಲರ್ ಕೊವಾಲ್ಸ್ಕಿ, ಜಾನಿ ವ್ಯಾಲೆಂಟೈನ್, ಡಿಕ್ ದ ಬ್ರೂಸರ್ ಮೊದಲಾದ ಹೆಸರಾಂತರೊಂದಿಗೆ ಅವರು ಸೆಣಸಿದರು.

ಅವರ ದೊಡ್ಡ ಎದುರಾಳಿ ಡೆಟ್ರಾಯಿಟ್‌ನ ದ ಶೇಖ್. ಅರಬ್ ವೇಷದ ಈ ಖಳನ ನಿಜನಾಮ ಎಡ್ ಫರ್ಹಾತ್. ಲೆಬನಾನಿನಿಂದ ಬಂದ ಕುಟುಂಬದ ಮಗ, ಹುಟ್ಟಿದ್ದು ಮಿಶಿಗನ್‌ನಲ್ಲೇ. 1960ರ ದಶಕದ ನಡುವಿನಿಂದ ಡೆಟ್ರಾಯಿಟ್ ಪ್ರಾಂತ್ಯದ ಮಾಲೀಕರೂ ಅವರೇ! ಕಣದಲ್ಲಿ ಬದ್ಧವೈರಿಗಳು, ಲೆಕ್ಕದ ಪುಸ್ತಕದಲ್ಲಿ ಒಬ್ಬರು ಯಜಮಾನರು, ಇನ್ನೊಬ್ಬರು ಅವರ ಕಣ ತುಂಬಿಸುವ ಆಳು. ಕೋಬೊ ಅರೀನಾದಲ್ಲಿ ಇವರ ಕಾದಾಟ ವರ್ಷಗಟ್ಟಲೆ ನಡೆಯಿತು. ನನ್ನ ಸಹೋದ್ಯೋಗಿ ನೋಡಿದ್ದು ಅದನ್ನೇ.

1962ರ ಆಗಸ್ಟ್ 18ರಂದು ನೆವಾರ್ಕ್ ನಗರದಲ್ಲಿ ಬೋಬೊ ಅವರು ವಿಶ್ವ ಚಾಂಪಿಯನ್ ಬಡ್ಡಿ ರಾಜರ್ಸ್ ಅವರನ್ನು ಸೋಲಿಸಿದರು. ಆದರೆ ರಾಜರ್ಸ್ ತನಗೆ ಗಾಯವಾಗಿತ್ತೆಂದರು. ಹಾಗೆ ಬಂದ ಪಟ್ಟ ತನಗೆ ಬೇಡವೆಂದು ಬೋಬೊ ಬೆಲ್ಟನ್ನು ನಿರಾಕರಿಸಿದರು ಎಂದು ಕಥೆ ಹೆಣೆಯಲಾಯಿತು. ಮಾಲೀಕರ ಕೂಟ ಆ ಗೆಲುವನ್ನು ತನ್ನ ಚಾಂಪಿಯನ್ನರ ಪಟ್ಟಿಗೆ ಸೇರಿಸಲೇ ಇಲ್ಲ. ಗೆಲುವು ನಾಟಕದ್ದೇ ಇರಬಹುದು. ಆದರೆ ಆ ನಾಟಕದಲ್ಲಿ ಕೂಡ ಕಪ್ಪು ಮನುಷ್ಯನಿಗೆ ಕಿರೀಟದ ಪಾತ್ರ ಕೊಡಲಿಲ್ಲ ಎಂಬುದು ನಾಟಕವಲ್ಲ. ದೊಡ್ಡ ಕಂಪನಿಯೊಂದರಲ್ಲಿ ಎಲ್ಲರೂ ಒಪ್ಪಿದ ಕಪ್ಪು ವಿಶ್ವ ಚಾಂಪಿಯನ್ ಬರಲು ಇನ್ನೂ 30 ವರ್ಷ ಬೇಕಾಯಿತು. ಅವರು ರಾನ್ ಸಿಮ್ಮನ್ಸ್, 1992ರಲ್ಲಿ.

ಬೋಬೊ ಅವರು ಬೇಸರಗೊಂಡು ಕುಸ್ತಿ ಬಿಡಲಿಲ್ಲ. 1968ರಲ್ಲಿ ಜಪಾನಿನಲ್ಲಿ ಅಲ್ಲಿನ ದೊಡ್ಡ ಪೈಲ್ವಾನ ಜೈಂಟ್ ಬಾಬಾ ಅವರಿಂದ ಪ್ರಶಸ್ತಿ ಗೆದ್ದರು. 1970ರ ಅಕ್ಟೋಬರ್ 9ರಂದು ಅಟ್ಲಾಂಟಾದಲ್ಲಿ ಎಲ್ ಮಂಗೋಲ್ ಜೊತೆ ಜೋಡಿಯಾಗಿ ಜಪಾನಿ ಜೋಡಿಯೊಂದನ್ನು ಸೋಲಿಸಿದರು. ಬೇರೆ ಬೇರೆ ಜನಾಂಗದವರು ಒಂದೇ ಕಣಕ್ಕಿಳಿದದ್ದು ಆ ನಗರದಲ್ಲಿ ಅದೇ ಮೊದಲು. ಭೇದಭಾವ ನಿಷೇಧಿಸುವ ಕಾನೂನು 1964ರಲ್ಲೇ ಬಂದಿತ್ತು. ಕಾನೂನು ಕುಸ್ತಿ ಕಣದವರೆಗೆ ನಡೆದು ಬರಲು ಆರು ವರ್ಷ ಹಿಡಿಯಿತು.

1980ರಲ್ಲಿ ಡೆಟ್ರಾಯಿಟ್ ಪ್ರಾಂತ್ಯ ಮುಚ್ಚಿತು. ಆ ದಶಕದಲ್ಲೇ ದೂರದರ್ಶನದ ಬಲದಿಂದ ಒಂದೇ ಕಂಪನಿ ದೇಶವೆಲ್ಲ ಹರಡಿ ಪ್ರಾಂತ್ಯಗಳ ಕಾಲ ಮುಗಿಯಿತು. ಬೋಬೊ ಅವರು 1993ರಲ್ಲಿ ನಿವೃತ್ತರಾದರು. ಮರುವರ್ಷ ಡಬ್ಲ್ಯು.ಡಬ್ಲ್ಯು.ಎಫ್. ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಂಡಿತು. ತಮ್ಮೂರಿನಲ್ಲಿ ಬೋಬೋಸ್ ಗ್ರಿಲ್ ಎಂಬ ಹೋಟೆಲನ್ನೂ ನಡೆಸಿದರು. 1998ರ ಜನವರಿ 20ರಂದು ತೀರಿಕೊಂಡರು.

ದೊಡ್ಡಾಟದಲ್ಲಿ ಕೀಚಕ ಸಾಯುತ್ತಾನೆಂದು ನಮಗೆಲ್ಲ ಗೊತ್ತಿರುತ್ತದೆ. ಆದರೂ ಬೆಳಗಿನವರೆಗೆ ಕೂತು ನೋಡುತ್ತೇವೆ. ಕಣದಲ್ಲಿ ಸದಾ ಕೆಳಗೆ ಬೀಳಬೇಕಾದವನು ಎದ್ದು ನಿಂತದ್ದನ್ನು ನನ್ನ ಸಹೋದ್ಯೋಗಿ ತಂದೆಯ ಹೆಗಲ ಮೇಲಿಂದ ಕಂಡಿದ್ದರು. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದ ನನ್ನಂಥವರಿಗೆ ಅದು ಅರ್ಥವಾಗುತ್ತದೆ. ನಮ್ಮ ಪಾತ್ರವನ್ನೂ ಯಾರೋ ಮೊದಲೇ ಬರೆದಿಟ್ಟಿದ್ದರು. ಅದನ್ನು ತಿದ್ದಿದ್ದು ಈ ಶಾಲೆ.

ನಮ್ಮ ಪಿ.ಟಿ. ಸರ್ ಹೇಳಿದ್ದು ಸುಳ್ಳಲ್ಲ. ಮಹೋತ್ಸವಕ್ಕೆ ಅವರು ಬರುತ್ತಾರೆಂದು ಕೇಳಿದ್ದೇನೆ. ಉಳಿದರ್ಧ ಕಥೆಯನ್ನು ಅವರಿಗೆ ಹೇಳಬೇಕು. ಸಾಧ್ಯವಾದರೆ ನನ್ನ ಕಾರ್ಡುಗಳನ್ನೂ ಕೇಳಬೇಕು.