ನೆಲವನ್ನಳೆದು ಕಾಲವನ್ನೆಣಿಸಿದವನು

ಕಳೆದ ಮಾಗಿಯಲ್ಲಿ ಕ್ಯಾಸಂಬಳ್ಳಿಗೆ ಹೊರಟಿದ್ದೆ. ಕಾರಿನ ಗಾಜಿಗೆ ಅಂಟಿಸಿದ್ದ ಅಂಗೈಯಗಲದ ಜಿ.ಪಿ.ಎಸ್. ಯಂತ್ರವು ಬಂಗಾರಪೇಟೆಯಿಂದ ಸರಿಯಾಗಿಯೇ ದಾರಿ ಹೇಳುತ್ತ ಬಂದಿತು. ಚಿನ್ನದ ಗಣಿಯ ಊರನ್ನು ಹೊಕ್ಕ ಮೇಲೆ ಮಾತ್ರ, ಬಲಕ್ಕೆ ತಿರುಗೆಂದು ಹೇಳಿ, ಸೈನೈಡ್ ದಿಬ್ಬದ ಬುಡದಲ್ಲಿ ಒಂದು ಮುರುಕು ಗೋಡೆಯ ಮುಂದೆ ತಂದು ನಿಲ್ಲಿಸಿತು. ಗಣಿಯಲ್ಲಿ ದುಡಿದು ಮುಪ್ಪಾದ ಹಿರಿಯರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ದಾರಿ ತೋರಿದರು. ಅವರಿಗೆ ಕೈಮುಗಿದು ಹಿಂದಿರುಗುವಾಗ, ಇದೇ ನೆಲದಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ಹಳ್ಳಿಗರನ್ನು ಕೇಳುತ್ತ ನಡೆದ ಮತ್ತೊಬ್ಬನ ನೆನಪಾಯಿತು. ಆತನೇ ಜಾನ್ ವಾರೆನ್.

ಐರ್ಲೆಂಡ್ ಮೂಲದ ಫ್ರೆಂಚ್ ಮನೆತನದಲ್ಲಿ ಜನಿಸಿದ ವಾರೆನ್ ಕಣ್ದೆರೆದದ್ದು 1769ರಲ್ಲಿ, ಇಟಲಿಯ ಲಿವೋರ್ನೊ ಎಂಬ ರೇವುಪಟ್ಟಣದಲ್ಲಿ. ಕಾಲದ ಏರುಪೇರು ಆತನನ್ನು ಇಂಗ್ಲಿಷರ 33ನೆಯ ರೆಜಿಮೆಂಟಿಗೆ ತಂದು ಸೇರಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯವು ಹಂಚಿಹೋಯಿತು. ಹಂಚಿದ ನೆಲಕ್ಕೆ ಎಲ್ಲೆ ಬೇಕಷ್ಟೆ? 1802ರಲ್ಲಿ ಮೈಸೂರಿನ ಮೂಡಣ ಗಡಿಯನ್ನು ಗುರುತಿಸುವ ಕೆಲಸ ವಾರೆನ್ನನ ಪಾಲಿಗೆ ಬಂದಿತು.

ಎಲ್ಲೆಯನ್ನು ಅರಸಿ ಬಂದವನಿಗೆ ಚಿನ್ನದ ಸುದ್ದಿ ಕಿವಿಗೆ ಬಿದ್ದಿತು. ಊರಿಗಾಮದ ಸುತ್ತಲ ಜನರು ಮಣ್ಣನ್ನು ತೊಳೆದು ಹೊನ್ನಿನ ಕಣಗಳನ್ನು ತೆಗೆಯುತ್ತಿದ್ದರು. ಮಾರಿಕುಪ್ಪದ ಬಡವರು ಆಳವಾದ ಗುಂಡಿಗಳಿಗೆ ಇಳಿದು ಕಲ್ಲನ್ನು ಹೊತ್ತು ತಂದು ಕುಟ್ಟುತ್ತಿದ್ದರು. ವಾರೆನ್ ಅದನ್ನು ಕಣ್ಣಾರೆ ಕಂಡು ವರದಿ ಬರೆದನು. ಅದು ದಶಕಗಳ ಕಾಲ ಮೂಲೆಯಲ್ಲಿದ್ದು, 1871ರ ವೇಳೆಗೆ ಮೈಕೇಲ್ ಲಾವೆಲ್ ಎಂಬಾತನನ್ನು ಇಲ್ಲಿಗೆ ಸೆಳೆಯಿತು. ಆ ಮೇಲಿನ ಕತೆಯನ್ನು ಎಲ್ಲರೂ ಬಲ್ಲರು. 2001ರಲ್ಲಿ ಗಣಿಯು ಮುಚ್ಚಿತು, ದಿಬ್ಬಗಳು ಉಳಿದುವು. ವಾರೆನ್ ಚಿನ್ನವನ್ನು ಕಂಡುಹಿಡಿದನೆಂದು ಹೇಳುವ ರೂಢಿಯುಂಟು. ನನಗದು ಒಪ್ಪಿಗೆಯಿಲ್ಲ. ಕಂಡವರು ಗುಂಡಿಗೆ ಇಳಿದವರು. ಈತನು ಅವರನ್ನು ಕೇಳಿ ಬರೆದುಕೊಂಡವನು. ಹಾಗೆ ಕೇಳಿದ್ದೇ ಈತನ ಹಿರಿಮೆ.

ಅದೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ ಆಗ ಮದರಾಸಿನಿಂದ ದೇಶವನ್ನೇ ತ್ರಿಕೋನಗಳಿಂದ ಅಳೆಯತೊಡಗಿದ್ದನು. ವಾರೆನ್ ಆತನ ನೆರವಿಗೆ ನಿಂತನು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗಳಷ್ಟು ನೆಲವನ್ನು ಸರಪಣಿಯಿಂದ ಅಳೆದು, ಮದರಾಸಿನಿಂದ ಲೆಕ್ಕದ ಮೂಲಕ ಬಂದ ಉದ್ದದೊಡನೆ ಹೋಲಿಸಿ ನೋಡಲಾಯಿತು. ವ್ಯತ್ಯಾಸವು ನಾಲ್ಕಂಗುಲಕ್ಕಿಂತ ಕಡಿಮೆ!

1805ರಲ್ಲಿ ವಾರೆನ್ ಮದರಾಸಿನ ವೇಧಶಾಲೆಯ ಹೊಣೆ ಹೊತ್ತನು, 1811ರವರೆಗೆ ಅಲ್ಲಿದ್ದನು. ರೇಖಾಂಶವೆಂಬುದು ನೆಲದ ಮಾತಲ್ಲ, ಕಾಲದ ಮಾತು. ಒಂದು ಅಂಶಕ್ಕೆ ನಾಲ್ಕು ನಿಮಿಷ. ಎರಡು ಊರುಗಳ ಗಡಿಯಾರಗಳ ಅಂತರ ತಿಳಿದರೆ ಊರುಗಳ ಅಂತರವೂ ತಿಳಿಯುತ್ತದೆ. ನನ್ನ ಕಾರಿನ ಯಂತ್ರದ ಗುಟ್ಟೂ ಇದೇ ಅಲ್ಲವೆ? ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನಾಲ್ಕಾರು ಉಪಗ್ರಹಗಳ ಗಡಿಯಾರಗಳನ್ನು ಅದು ಆಲಿಸುತ್ತದೆ; ಸಂಕೇತ ಬರಲು ಹಿಡಿದ ಕಾಲದಿಂದ ದೂರವನ್ನು ಎಣಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ, ದೂರದಲ್ಲಿ ಮುನ್ನೂರು ಮೀಟರು ತಪ್ಪುತ್ತದೆ.

ವಾರೆನ್ನನೂ ತಪ್ಪಿದನು. ಆತನು ಮದರಾಸಿಗೆ ಕೊಟ್ಟ ರೇಖಾಂಶ 80 ಅಂಶ 17 ಕಲೆ 21 ವಿಕಲೆ. ಮುಂದಿನವರು ನೋಡಲಾಗಿ, ಅದು ಸುಮಾರು ಎರಡೂವರೆ ಕಲೆ ಮೂಡಣಕ್ಕೆ ಸರಿದಿತ್ತು. ನೆಲದ ಮೇಲೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಸರಪಣಿ ಹಿಡಿದಾಗ ಅಂಗುಲಗಳಲ್ಲಿ ಗೆದ್ದ ವಿದ್ಯೆಯು, ಆಕಾಶವನ್ನು ಕೇಳಿದಾಗ ಮೈಲಿಗಳಲ್ಲಿ ಸೋತಿತು. ದೋಷವು ಕಣ್ಣಿನದಲ್ಲ, ಆ ಕಾಲದ ಗಣಿತಪಟ್ಟಿಗಳ ಮತ್ತು ಉಪಕರಣಗಳ ಮಿತಿ.

ಕಾಲದ ಈ ಹಂಬಲವೇ ಆತನ ಕೊನೆಯ ದುಡಿಮೆಯಾಯಿತು. 1825ರಲ್ಲಿ ಮದರಾಸಿನಲ್ಲಿ ಅಚ್ಚಾದ ‘ಕಾಲಸಂಕಲಿತ’ವು ದಕ್ಷಿಣದವರ ಪಂಚಾಂಗಗಣನೆಯನ್ನು ಐರೋಪ್ಯರಿಗೆ ತಿಳಿಸಿದ ಗ್ರಂಥ. ತಮಿಳು ಪಂಚಾಂಗದವನೊಬ್ಬನು ನೆಲದ ಮೇಲೆ ಕವಡೆಗಳನ್ನು ಜೋಡಿಸಿ, ಬಾಯಿಪಾಠದ ಕೋಷ್ಟಕಗಳಿಂದಲೇ ಆ ವರ್ಷದ ಚಂದ್ರಗ್ರಹಣವನ್ನು ಎಣಿಸಿಕೊಟ್ಟದ್ದನ್ನು ವಾರೆನ್ ಅಲ್ಲಿ ದಾಖಲಿಸಿದ್ದಾನೆ. ಗ್ರಹಣದ ಆರಂಭದಲ್ಲಿ ಬಂದ ತಪ್ಪು ಸುಮಾರು ನಾಲ್ಕು ನಿಮಿಷ. ಊರಿಗಾಮದಲ್ಲಿ ಮಣ್ಣು ತೊಳೆಯುವವರ ಮುಂದೆ ನಿಂತಂತೆಯೇ, ಈ ಕವಡೆಯವನ ಮುಂದೆಯೂ ಆತನು ಪುಸ್ತಕ ಬಿಚ್ಚಿ ಕುಳಿತನು. 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡನು.

ಆತನು ಆಳುವವರ ಕಡೆಯ ಮನುಷ್ಯ. ಆತನೆಳೆದ ಗೆರೆಗಳಿಂದ ಲಾಭವಾದದ್ದು ಯಾರಿಗೆಂಬುದನ್ನು ಮರೆಯಲಾಗದು. ಆದರೂ ತಿಳಿದವರನ್ನು ಕೇಳುವ ವಿನಯ ಆತನಲ್ಲಿತ್ತು. ಆ ಸಂಜೆ ಕ್ಯಾಸಂಬಳ್ಳಿಯನ್ನು ಮುಟ್ಟಿದಾಗ ಯಂತ್ರವು ಗುರಿ ಸೇರಿತೆಂದು ಸಾರಿತು. ಸೇರಿಸಿದವರು ಗಣಿಯ ಆ ಹಿರಿಯರು. ಅವರ ಹೆಸರನ್ನು ಕೇಳಲು ನಾನು ಮರೆತಿದ್ದೆ.