ಮಕ್ಕಳ ಕೈಗೆ ಆಕಾರ ಕೊಟ್ಟ ಫ್ರೋಬೆಲ್

ಎಲ್‌ಕೆಜಿ, ಯುಕೆಜಿ ಎಂದು ನಾವೆಲ್ಲ ಹೇಳುತ್ತೇವೆ. ಅದರಲ್ಲಿರುವ ಕೆಜಿ ಎಂದರೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ. 1840ರಲ್ಲಿ ಈ ಹೆಸರಿಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್.

1782ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವರು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಮುಂದೆ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾದರು. ಯಾರೂ ಕೆತ್ತದ ಹರಳುಗಳಲ್ಲೂ ನೇರ ಅಂಚು, ಸಮತಟ್ಟಾದ ಮುಖಗಳಿರುವುದನ್ನು ಅಲ್ಲಿ ಕಂಡರು. ಆಕಾರಗಳು ಲೋಕದಲ್ಲೇ ಇವೆ, ಮಗು ಅವನ್ನು ಮುಟ್ಟಿ ಕಲಿಯಬೇಕು ಎಂದು ನಂಬಿದರು.

ಅದಕ್ಕಾಗಿ ಅವರು ಮಾಡಿಸಿದ ಆಟದ ಸಾಮಾನುಗಳಿಗೆ 'ಕೊಡುಗೆ' ಎಂದು ಹೆಸರು. ಮೊದಲನೆಯದು ಬಣ್ಣದ ನೂಲಿನ ಆರು ಚೆಂಡುಗಳು. ಎರಡನೆಯದು ಮರದ ಗೋಳ, ಘನ, ಸಿಲಿಂಡರ್. ಗೋಳ ಉರುಳುತ್ತದೆ, ಘನ ಇಟ್ಟಲ್ಲೇ ಇರುತ್ತದೆ, ಸಿಲಿಂಡರ್ ಎರಡನ್ನೂ ಮಾಡುತ್ತದೆ. ಮೂರನೆಯದರ ಎಂಟು ಪುಟ್ಟ ಘನಗಳಿಂದ ಮಕ್ಕಳು ಕುರ್ಚಿ, ಮೆಟ್ಟಿಲು ಕಟ್ಟುತ್ತಿದ್ದರು. ಹೈಸ್ಕೂಲಿನಲ್ಲಿ ನಾನು ಸೂತ್ರದಿಂದ ಕಲಿತ ಆಕಾರಗಳನ್ನು ಆ ಮಕ್ಕಳು ಅಂಗೈಯಿಂದ ಕಲಿತರು.

1851ರಲ್ಲಿ ಪ್ರಷ್ಯಾ ಸರ್ಕಾರ ನಾಸ್ತಿಕತೆ, ಸಮಾಜವಾದದ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲ್ ದೇವರನ್ನು ನಂಬಿದ್ದವರು. ಮರುವರ್ಷವೇ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಶ್ವೈನಾ ಎಂಬ ಊರಿನಲ್ಲಿರುವ ಅವರ ಸಮಾಧಿಯ ಮೇಲೆ ಘನ, ಸಿಲಿಂಡರ್, ಗೋಳ ಒಂದರ ಮೇಲೊಂದು ನಿಂತಿವೆ.

ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಒಂದು ಚೆಂಡು, ಒಂದು ಡಬ್ಬಿ, ಒಂದು ಸೋಪಿನ ಪೆಟ್ಟಿಗೆ ಕೊಡಿ. ಯಾವುದು ಉರುಳುತ್ತದೆ ಎಂದು ಕೇಳಿ. ಉತ್ತರ ಮಾತ್ರ ನೀವು ಹೇಳಬೇಡಿ.