ಕಾಯಕಯೋಗಿ ನುಲಿಯ ಚಂದಯ್ಯನವರು

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ದುಡಿಮೆಯನ್ನೇ ಉಸಿರಾಗಿಸಿಕೊಂಡವರು ಹಲವರು. ಆದರೆ ದುಡಿಮೆಯ ಭರದಲ್ಲಿ ಕೊರಳಿನ ಇಷ್ಟಲಿಂಗವನ್ನೇ ಹಿಂದೆ ಬಿಟ್ಟು ನಡೆದವರು ನುಲಿಯ ಚಂದಯ್ಯನವರೊಬ್ಬರೇ. ಕಾಯಕವೆಂದರೇನು, ಅದರ ಮೇರೆ ಎಲ್ಲಿ, ಅದು ಯಾವಾಗ ಪೂಜೆಯಾಗುತ್ತದೆ, ಯಾವಾಗ ಬರಿಯ ಹಟವಾಗುತ್ತದೆ ಎಂಬ ವಿಚಾರವು ಕಲ್ಯಾಣದ ಶರಣರ ಮುಂದೆ ಅತ್ಯಂತ ಕಠಿಣವಾಗಿ ಬಂದು ನಿಂತದ್ದು ಇವರ ಬಾಳಿನಲ್ಲಿಯೇ.

ಚಂದಯ್ಯನವರು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಶಿವಣಗಿಯಲ್ಲಿ ಎಂದು ಹೇಳುತ್ತಾರೆ. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದ ನೂರಾರು ದುಡಿಮೆಗಾರರಲ್ಲಿ ಇವರೂ ಒಬ್ಬರು. ಹಗ್ಗ ಹೊಸೆಯುವುದು ಇವರ ಕಾಯಕ. ಅದರಿಂದಲೇ ನುಲಿಯ ಎಂಬ ವಿಶೇಷಣವು ಹೆಸರಿಗೆ ಅಂಟಿಕೊಂಡಿತು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಇವರು ರಚಿಸಿದ 48 ವಚನಗಳು ಇಂದು ದೊರೆಯುತ್ತವೆ. ಅವುಗಳ ಸಂಖ್ಯೆ ಚಿಕ್ಕದಾದರೂ ಕಾಯಕದ ವಿಷಯದಲ್ಲಿ ಅಷ್ಟು ನಿಷ್ಠುರವಾಗಿ ಮಾತನಾಡಿದವರು ವಿರಳ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ, ಕಾಯಕದಿಂದ ಹೊರತಾದವರು ಯಾರೂ ಇಲ್ಲವೆಂಬುದು ಅವರ ನಿಲುವು. ಪರರನ್ನು ಪೀಡಿಸಿ, ಬೇಡಿ, ಕಾಡಿ ತಂದ ದ್ರವ್ಯವು ದಾಸೋಹಕ್ಕೆ ಸಲ್ಲದೆಂಬುದೂ ಅವರ ಖಂಡಿತವಾದ ಅಭಿಪ್ರಾಯ.

ಹಗ್ಗದ ಕೆಲಸವು ನೋಡುವುದಕ್ಕೆ ಸಾಮಾನ್ಯವಾಗಿ ಕಂಡರೂ ಮೈಮುರಿಯುವಂಥದು. ಕೆರೆಯಲ್ಲಿ ಇಳಿದು ಹುಲ್ಲನ್ನು ಕೊಯ್ಯಬೇಕು, ಹೊರೆ ಕಟ್ಟಿ ದಡಕ್ಕೆ ತರಬೇಕು, ಬಿಸಿಲಿಗೆ ಹರವಿ ಒಣಗಿಸಿ, ಬಡಿದು ಮೆದುಗೊಳಿಸಿ, ಎಳೆಗೆ ಎಳೆಯನ್ನು ಸೇರಿಸಿ ಅಂಗೈಯ ಚರ್ಮ ಸವೆಯುವವರೆಗೆ ಹೊಸೆಯಬೇಕು. ಒಂದು ಎಳೆ ಸಡಿಲವಾದರೆ ಇಡೀ ಹಗ್ಗ ಕೆಟ್ಟಿತು. ಒಕ್ಕಲಿಗನ ಎತ್ತಿನ ಕಣ್ಣಿ, ಬಾವಿಯ ಹಗ್ಗ, ಅಡುಗೆಮನೆಯ ನೆಲುವು ಇವೆಲ್ಲವೂ ನುಲಿಯವನ ಕೈಯಿಂದಲೇ ಬರಬೇಕು. ಹೀಗೆ ಹೊಸೆದುದನ್ನು ಮಾರಿ, ಬಂದ ಬೆಲೆಯಿಂದ ಅಂದಂದಿನ ಜಂಗಮ ದಾಸೋಹವನ್ನು ನಡೆಸಿ, ಉಳಿದ ಪ್ರಸಾದದಿಂದ ತೃಪ್ತಿಪಡುವುದು ಚಂದಯ್ಯನವರ ದಿನಚರಿಯಾಗಿತ್ತು. ನಾಳೆಗೆಂದು ಕೂಡಿಡುವ ಪದ್ಧತಿಯೇ ಅಲ್ಲಿರಲಿಲ್ಲ. ದಾಸೋಹಕ್ಕೆ ಬೇಕಾದಷ್ಟಾದರೆ ಅಂದಿನ ಕೆಲಸ ಮುಗಿಯಿತು.

ಒಂದು ದಿನ ಎಂದಿನಂತೆ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಕೊರಳಿನಲ್ಲಿದ್ದ ಇಷ್ಟಲಿಂಗವು ಜಾರಿ ಬಿದ್ದಿತು. ವೀರಶೈವನಿಗೆ ಇದು ಸಾಮಾನ್ಯವಾದ ಸಂಗತಿಯಲ್ಲ. ಲಿಂಗವು ಅಂಗವನ್ನು ಅಗಲಿದರೆ ಪ್ರಾಣವನ್ನೇ ಬಿಡುವುದು ಲೇಸೆಂದು ಬಗೆಯುತ್ತಿದ್ದ ಭಕ್ತರ ಕಾಲವದು. ಚಂದಯ್ಯನವರಾದರೋ ಗಾಬರಿಗೊಳ್ಳಲಿಲ್ಲ, ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಡಲೂ ಇಲ್ಲ. ದಾಸೋಹಕ್ಕೆ ಹೊತ್ತಾಗುತ್ತಿದೆ; ತಾನಾಗಿ ಬಿಟ್ಟು ಹೋದ ಲಿಂಗವನ್ನು ಹುಡುಕುತ್ತ ಕುಳಿತರೆ ಜಂಗಮವು ಹಸಿದಿರಬೇಕಾದೀತು ಎಂದುಕೊಂಡು ಹೊರೆಯನ್ನು ಹೊತ್ತು ನಡೆದೇಬಿಟ್ಟರು. ಲಿಂಗವು ಹಿಂದೆಯೇ ಬಂದು ತನ್ನನ್ನು ಮರಳಿ ಧರಿಸಬೇಕೆಂದು ಬೇಡಿಕೊಂಡಿತಂತೆ. ಚಂದಯ್ಯನವರು ತಿರುಗಿಯೂ ನೋಡಲಿಲ್ಲವಂತೆ.

ಲಿಂಗವು ಮಾತನಾಡಿತೆ, ನಡೆದುಬಂದಿತೆ ಎಂದು ಕೇಳುವವರು ಕೇಳಬಹುದು. ಶೂನ್ಯಸಂಪಾದನೆಯ ಸಂಪಾದಕರು ನುಲಿಯ ಚಂದಯ್ಯನವರಿಗೆ ಒಂದು ಪ್ರತ್ಯೇಕ ಪ್ರಸಂಗವನ್ನೇ ಮೀಸಲಿಟ್ಟದ್ದು ಪವಾಡವನ್ನು ತೋರಿಸುವುದಕ್ಕಲ್ಲ, ವಿಚಾರವನ್ನು ಮಥಿಸುವುದಕ್ಕೆ. ಹೊರೆ ಹೊತ್ತು ಮುಂದೆ ಹೋಗುತ್ತಿರುವ ದುಡಿಮೆಗಾರ, ಕರೆಯುತ್ತ ಹಿಂದೆ ಬರುತ್ತಿರುವ ದೇವರು: ಈ ಚಿತ್ರದಲ್ಲಿ ತಮ್ಮನ್ನು ಕಾಣದ ಗೃಹಸ್ಥರು ಇಂದು ಎಷ್ಟು ಮಂದಿ? ಅಂಗಡಿಯ ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳು ನಿದ್ದೆಹೋಗಿರುತ್ತಾರೆ. ಲಿಂಗಪೂಜೆಗೆ ಕುಳಿತವರ ಕೈಯಳತೆಯಲ್ಲಿಯೇ ದೂರವಾಣಿ ಇರುತ್ತದೆ. ಕಚೇರಿಯು ಮನೆಯೊಳಕ್ಕೂ ಬಂದು ಊಟದ ಎಲೆಯ ಮುಂದೆ ಕುಳಿತಿರುತ್ತದೆ. ಕೇಳಿದರೆ ಕಾಯಕವೇ ಕೈಲಾಸವೆಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವನ್ನು ಚಂದಯ್ಯನವರಿಗಿಂತ ಗಟ್ಟಿಯಾಗಿ ಹೇಳಬಲ್ಲವರಾರು? ಆದರೂ ಶರಣರು ಅವರನ್ನು ಅಷ್ಟಕ್ಕೇ ಬಿಡಲಿಲ್ಲ.

ಮಡಿವಾಳ ಮಾಚಯ್ಯನವರು ನಡುವೆ ಬಂದರು. ಮಾಚಯ್ಯನವರೂ ಬಟ್ಟೆ ಒಗೆದು ಬದುಕಿದವರು, ನಿಷ್ಠೆಯಲ್ಲಿ ಬೆಂಕಿಯಂಥವರು. ದುಡಿಯದೆ ಕುಳಿತು ಉಪದೇಶ ಮಾಡುವವರ ಮಾತಾಗಿದ್ದರೆ ಚಂದಯ್ಯನವರು ಬಹುಶಃ ಕಿವಿಗೊಡುತ್ತಿರಲಿಲ್ಲ. ಲಿಂಗವಿಲ್ಲದ ಅಂಗದಿಂದ ಮಾಡಿದ ಕಾಯಕವು ಎಷ್ಟೇ ಶುದ್ಧವಾಗಿರಲಿ, ಅದರ ಫಲವು ಪ್ರಸಾದವಾಗಲಾರದೆಂದು ಮಾಚಯ್ಯನವರು ವಾದಿಸಿದರು. ಜಂಗಮವೇ ಲಿಂಗದ ಪ್ರಾಣವಾಗಿರುವಾಗ ಜಂಗಮಸೇವೆಯನ್ನು ಬಿಡದವನಿಗೆ ಲಿಂಗವು ಹೋದರೇನು, ಇದ್ದರೇನು ಎಂಬುದು ಚಂದಯ್ಯನವರ ಪ್ರತಿವಾದ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದುದರಿಂದಲೇ ವಾದವು ಬೇಗನೆ ಮುಗಿಯಲಿಲ್ಲ. ಚಂದಯ್ಯನವರು ಬಿಟ್ಟದ್ದು ಪೂಜೆಯ ಆಲಸ್ಯದಿಂದಲ್ಲ, ಸೇವೆಯ ಆತುರದಿಂದ. ಆದರೆ ಆ ಆತುರದೊಳಗೆ ತನ್ನ ಕಾಯಕವೇ ಮೇಲು, ತಾನಿಲ್ಲದೆ ಹೊತ್ತು ಕಳೆಯದು ಎಂಬ ಒಂದು ಎಳೆಯೂ ಸೇರಿ ಹೊಸೆದುಕೊಂಡಿತ್ತು. ಸೋಮಾರಿಗೆ ಆತನ ತಪ್ಪನ್ನು ತೋರಿಸುವುದು ಸುಲಭ. ದುಡಿಯುವವನಿಗೆ ತೋರಿಸುವುದು ಕಷ್ಟ. ಊರೆಲ್ಲ ಆತನನ್ನು ಹೊಗಳುತ್ತಿರುತ್ತದೆ.

ಕೊನೆಗೆ ಚಂದಯ್ಯನವರು ಒಪ್ಪಿದರು. ಒಪ್ಪುವಾಗಲೂ ತಮ್ಮ ಹಟವನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲವೆಂಬುದೇ ಅವರ ಸೊಗಸು. ಲಿಂಗವು ತಮ್ಮ ಜೊತೆಯಲ್ಲಿರಬೇಕಾದರೆ ಅದೂ ಕಾಯಕ ಮಾಡಬೇಕು, ಹೊಸೆದ ಹಗ್ಗವನ್ನು ಹೊತ್ತು ಮಾರಿ ಬರಬೇಕು ಎಂದು ಷರತ್ತು ಹಾಕಿದರು. ಲಿಂಗವು ಆಳಾಗಿ ಹಗ್ಗವನ್ನು ಹೊತ್ತು ಹೊರಟಿತೆಂದು ಕಥೆ ಹೇಳುತ್ತದೆ. ಅದು ಹೋದದ್ದು ಬಸವಣ್ಣನವರ ಬಳಿಗೆ. ಹಗ್ಗವನ್ನು ತಂದವರು ಯಾರೆಂದು ಬಲ್ಲ ಬಸವಣ್ಣನವರು ಸಾವಿರ ಹೊನ್ನನ್ನು ಕೊಟ್ಟು ಕಳುಹಿಸಿದರು.

ಚಂದಯ್ಯನವರು ಆ ಹೊನ್ನನ್ನು ಕಂಡು ಸಂತೋಷಪಡಲಿಲ್ಲ. ಹುಲ್ಲಿನ ಹಗ್ಗಕ್ಕೆ ಸಲ್ಲುವ ಬೆಲೆ ಒಂದಿದೆ. ಅದನ್ನು ಮೀರಿ ಬಂದುದು ಕಾಯಕದ ಫಲವಲ್ಲ. ಕೊಟ್ಟವರು ಬಸವಣ್ಣನವರೇ ಆದರೂ, ತಂದುದು ಲಿಂಗವೇ ಆದರೂ ಅದು ದಾಸೋಹಕ್ಕೆ ಸಲ್ಲದು. ಹಗ್ಗದ ಬೆಲೆಯನ್ನಷ್ಟೇ ಉಳಿಸಿಕೊಂಡು ಮಿಕ್ಕುದನ್ನು ಮರಳಿಸಿದರು. ಸಾವಿರ ಹೊನ್ನಿದ್ದರೆ ಎಷ್ಟು ದಿನ ಕೆರೆಗೆ ಇಳಿಯದೆ ಇರಬಹುದಾಗಿತ್ತು ಎಂಬ ಲೆಕ್ಕವು ಅವರ ಮನಸ್ಸಿಗೆ ಬರಲಿಲ್ಲ. ಇನ್ನೂ ಹೆಚ್ಚು ಹೊಸೆದರೆ ಇನ್ನೆಷ್ಟು ಸಾವಿರ ಬಂದೀತು ಎಂಬ ಲೆಕ್ಕವಂತೂ ಮೊದಲೇ ಇಲ್ಲ.

ಇಂಥದೇ ಮಾತು ಆಯ್ದಕ್ಕಿ ಮಾರಯ್ಯನವರ ಮನೆಯಲ್ಲಿಯೂ ನಡೆಯಿತು. ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕಕ್ಕೆ ತಡಮಾಡಿದ ಮಾರಯ್ಯನವರನ್ನು ಮಡದಿ ಲಕ್ಕಮ್ಮನವರು ಎಚ್ಚರಿಸಿ ಕಳುಹಿಸಿದರು. ಅವಸರದಲ್ಲಿ ಹೋದ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದೇ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಿರುಗಿಸಿದರು. ಮಾಡದೆ ಇರುವುದೂ ಸಲ್ಲದು, ಮೀರಿ ಮಾಡುವುದೂ ಸಲ್ಲದು ಎಂಬುದನ್ನು ಒಂದೇ ದಿನದಲ್ಲಿ ಒಬ್ಬ ಗೃಹಿಣಿ ತಿಳಿಸಿಕೊಟ್ಟರು. ಚಂದಯ್ಯನವರಿಗೆ ಅದನ್ನು ತಿಳಿಸಲು ಮನೆಯವರಿದ್ದರೋ ಇಲ್ಲವೋ, ಮಾಚಯ್ಯನವರಂಥ ಗೆಳೆಯರಂತೂ ಇದ್ದರು.

1160ರ ದಶಕದ ಕೊನೆಯ ಹೊತ್ತಿಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಶರಣರು ಚದುರಿದರು. ಚನ್ನಬಸವಣ್ಣನವರು, ಅಕ್ಕನಾಗಮ್ಮನವರು ಮುಂತಾದವರೊಡನೆ ಉಳವಿಯ ದಾರಿ ಹಿಡಿದವರಲ್ಲಿ ಚಂದಯ್ಯನವರೂ ಇದ್ದರೆಂಬುದು ಪರಂಪರೆಯ ಮಾತು. ಉಳವಿಯು ಇಂದಿನ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟಡವಿಯಲ್ಲಿದೆ. ಕುಮಟೆಯ ಸಂತೆಗುಳಿ, ಹೊನ್ನಾವರ, ಭಟ್ಕಳಗಳು ಅದೇ ಜಿಲ್ಲೆಯ ಕೆಳಗಿನ ಸೀಮೆಗೆ ಸೇರಿದರೆ ಉಳವಿಯು ಘಟ್ಟದ ಮೇಲಿನ ಸೀಮೆ. ಚನ್ನಬಸವಣ್ಣನವರು ಅಲ್ಲಿಯೇ ಐಕ್ಯರಾದರು. ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಉಳವಿಯ ಜಾತ್ರೆಗೆ ಬೆಳಗಾವಿ, ಧಾರವಾಡದ ಕಡೆಯ ರೈತರು ಹೊಲದ ಕೆಲಸವನ್ನು ಬದಿಗಿಟ್ಟು, ಸಿಂಗರಿಸಿದ ಎತ್ತಿನ ಚಕ್ಕಡಿಗಳಲ್ಲಿ ದಿನಗಟ್ಟಲೆ ಹಾದಿ ಸವೆಸಿ ಬರುತ್ತಾರೆ. ಆ ಎತ್ತುಗಳ ಕೊರಳ ಹಗ್ಗವನ್ನು ನೋಡಿದಾಗ ಚಂದಯ್ಯನವರ ನೆನಪಾಗದೆ ಇರದು. ವರ್ಷವೆಲ್ಲ ಮಣ್ಣಿನಲ್ಲಿ ಮುಳುಗಿದವರು ಆ ಕೆಲವು ದಿನ ನೊಗಕ್ಕೆ ಬೇರೆ ದಾರಿಯನ್ನು ತೋರಿಸುತ್ತಾರೆ. ಮಡದಿ ಮಕ್ಕಳೂ ಅದೇ ಬಂಡಿಯಲ್ಲಿರುತ್ತಾರೆ.

ಉಳವಿಯಿಂದ ಮುಂದೆ ಅಕ್ಕನಾಗಮ್ಮನವರನ್ನು ಕರೆದುಕೊಂಡು ಚಂದಯ್ಯನವರು ದಕ್ಷಿಣಕ್ಕೆ ನಡೆದರೆಂದೂ, ತರೀಕೆರೆಯ ಬಳಿಯ ಎಣ್ಣೆಹೊಳೆಯ ದಡದಲ್ಲಿ ಅಕ್ಕನವರು ಐಕ್ಯರಾಗುವವರೆಗೆ ಅವರ ಜೊತೆಗಿದ್ದರೆಂದೂ ಹೇಳುತ್ತಾರೆ. ಒಂದು ಕಾಲಕ್ಕೆ ಹೊರೆಯ ಹಗ್ಗವನ್ನು ಬಿಟ್ಟು ಹಿಂದಿರುಗಿ ನೋಡದವರು ಮುಪ್ಪಿನ ತಾಯಿಯೊಬ್ಬರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡು ಅಷ್ಟು ದೂರ ಬಂದರು.

ಅನಂತರ ಅವರು ನೆಲೆನಿಂತದ್ದು ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ. ಅಲ್ಲಿಯ ಕೆರೆಯ ಕೆಲಸದಲ್ಲಿ ಅವರ ಕೈಯಿತ್ತೆಂದು ಆ ಸೀಮೆಯ ಜನ ನಂಬುತ್ತಾರೆ. ಅವರ ಐಕ್ಯಸ್ಥಳವೂ ಅದೇ. ಶ್ರಾವಣದ ನೂಲ ಹುಣ್ಣಿಮೆಯಂದು ಅವರ ಜಯಂತಿಯನ್ನು ನಾಡಿನಲ್ಲಿ ಆಚರಿಸುತ್ತಾರೆ; ಹಗ್ಗ, ಬುಟ್ಟಿಗಳ ಕಸುಬನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಕುಳುವ ಸಮುದಾಯದವರು ಅಂದು ಅವರನ್ನು ತಮ್ಮ ಕುಲಗುರುವೆಂದು ನೆನೆಯುತ್ತಾರೆ.